ಕೆಂಚಿಗೆ ಎದುರು ನಾಲ್ಕು ಕೈ

ಒಪ್ಪಿಕೊಂಡುಬಿಡುತ್ತೇನೆ, ಅಮೆರಿಕದ ಸಂವಿಧಾನವನ್ನು ನಾನು ಕಲಿತದ್ದು ರೊಟ್ಟಿ ತಟ್ಟುತ್ತಾ. ಎಪ್ಪತ್ತರ ದಶಕದ ಮಾತು. ಹೊನ್ನಾಳಿಯಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದ ನನ್ನ ಯಜಮಾನರು ಅಂಚೆ ಮೂಲಕ ರಾಜ್ಯಶಾಸ್ತ್ರದ ಎಂ.ಎ.ಗೆ ಕಟ್ಟಿದ್ದರು. ಗಟ್ಟಿಯಾಗಿ ಓದದಿದ್ದರೆ ಅವರ ತಲೆಗೆ ಹತ್ತುತ್ತಿರಲಿಲ್ಲ. ಹಾಗಾಗಿ ಒಲೆಯ ಪಕ್ಕ ಕೂತು ಅವರು ಓದುವುದು, ನಾನು ತಟ್ಟುವುದು. ಅವರು ಮರೆತದ್ದು ನನಗೆ ನೆನಪಿರುತ್ತಿತ್ತು. ಪುಣ್ಯಕ್ಕೆ ಪರೀಕ್ಷೆ ಅವರದ್ದು.

ಓದಿನ ಪ್ರಭಾವವೋ ಏನೋ, ಮನೆಯಲ್ಲಿ ಎಲ್ಲಕ್ಕೂ ಕೈ ಎತ್ತಿಸತೊಡಗಿದರು. ಸಾರಿಗೆ ಹುರುಳಿಯೋ ತೊಗರಿಯೋ, ಕೈ ಎತ್ತಿ. ಗೋಡೆಗೆ ಸುಣ್ಣ ಈಗಲೋ ಆಮೇಲೋ, ಕೈ ಎತ್ತಿ. ಅತ್ತೆ, ಯಜಮಾನರು, ಮೈದುನ, ನಾದಿನಿ, ನಾನು: ಒಟ್ಟು ಐದು ಮತ. ನನಗೇನೂ ತಕರಾರಿರಲಿಲ್ಲ, ಯುಗಾದಿಯ ಮಾರನೆಯ ದಿನದ ಬಾಡೂಟಕ್ಕೆ ಕೆಂಚಿಯನ್ನು ಕಡಿಯೋಣ ಎಂದು ಅತ್ತೆ ಹೇಳುವವರೆಗೆ. ಕೆಂಚಿ ಎಂದರೆ ಜಗಳೂರಿನಿಂದ ನಮ್ಮಪ್ಪ ನನಗೇ ಅಂತ ಬಸ್ಸಿನ ಮೇಲೆ ಹತ್ತಿಸಿ ಕಳಿಸಿದ್ದ ಹೆಣ್ಣು ಕುರಿ. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ.

ನಾಲ್ಕು ಕೈ ಮೇಲೆದ್ದವು. ನನ್ನವೆರಡೂ ಹಿಟ್ಟಿನಲ್ಲಿದ್ದವು.

"ಆಯ್ತಲ್ಲ, ಬಹುಮತ ಬಂತು," ಎಂದರು ಯಜಮಾನರು.

"ಬಂತು ರೀ. ಮೊನ್ನೆ ನೀವೇ ಓದಿದ್ರಲ್ಲ, ಅಮೆರಿಕದಾಗೆ ಎಷ್ಟು ಕೈ ಎತ್ತಿದ್ರೂ ಮುಟ್ಟಾಕೆ ಆಗದಿರೋವು ಕೆಲವು ಅದಾವೆ ಅಂತ. ಒಬ್ಬರ ಸ್ವತ್ತನ್ನ ವಿಚಾರಣೆ ಇಲ್ದೆ ಕಿತ್ಕೊಳ್ಳಾಕೆ ಬರಲ್ಲ. ಕೆಂಚಿ ಯಾರ ಸ್ವತ್ತು?"

"ಕುರಿ ಕಡಿಯಾಕೆ ಅಮೆರಿಕದೋರನ್ನ ಕೇಳ್ಬೇಕೇನೇ?" ಎಂದರು ಅತ್ತೆ.

"ಪರೀಕ್ಷ್ಯಾಗೆ ಇದೇ ಪ್ರಶ್ನೆ ಬಂದ್ರೆ ನಿಮ್ಮ ಮಗ ಏನು ಬರೀತಾರೆ, ಕೇಳ್ರಿ ಅತ್ತೆ."

ಯಜಮಾನರು ಪುಸ್ತಕ ತಿರುವಿದರು. ಪುಟ ಸಿಕ್ಕಿತು, ಮುಖ ಸಣ್ಣದಾಯಿತು. "ಅವ್ವಾ, ಇವಳು ಹೇಳೋದು ಇಲ್ಲಿ ಐತೆ. ಕೋಳಿ ತರ್ತೀನಿ ಬಿಡು."

ಕೆಂಚಿ ಉಳಿಯಿತು. ನನಗೆ ಆ ವ್ಯವಸ್ಥೆಯ ಮೇಲೆ ಎಷ್ಟು ಅಭಿಮಾನ ಬಂತೆಂದರೆ, ಹದಿನೈದು ದಿನಕ್ಕೆ ನಾನೇ ಒಂದು ಠರಾವು ತಂದೆ: ಅತ್ತೆಯ ಕಡ್ಡಿಪುಡಿ ಡಬ್ಬಿಯನ್ನು ತಿಪ್ಪೆಗೆ ಎಸೆಯಬೇಕು. ಅವರು ಅಗಿದು ಉಗಿದ ಅಂಗಳ ತೊಳೆದು ನನಗೂ ನಾದಿನಿಗೂ ಸಾಕಾಗಿತ್ತು. ನನ್ನದೂ ಸೇರಿ ನಾಲ್ಕು ಕೈ ಎದ್ದವು.

ಅತ್ತೆ ಡಬ್ಬಿಯನ್ನು ಸೆರಗಿನೊಳಗೆ ಹಿಡಿದು, "ಇದು ನನ್ನ ಸ್ವತ್ತು ಕಣೇ, ಮೊದ್ಲು ವಿಚಾರಣೆ ಮಾಡು," ಎಂದರು. ಯಜಮಾನರು ಪುಸ್ತಕಕ್ಕೆ ಕೈ ಚಾಚಿದರು.

"ಅದ್ಯಾಕೆ ರೀ ಈಗ?" ಎಂದು ನಾನು ಅದರ ಮೇಲೆ ರೊಟ್ಟಿಯ ಬುಟ್ಟಿ ಇಟ್ಟೆ. "ಕೈ ಎಣಿಸ್ರಿ."