ನಕಾಶೆ ಮಂಟಪ

ಏಕೀಕರಣ ಮಹಾಪರಿಷತ್ತಿನ ಮಂಟಪವನ್ನು ಕರ್ನಾಟಕದ ನಕಾಶೆಯ ಆಕಾರದಲ್ಲಿಯೇ ಕಟ್ಟತಕ್ಕದ್ದೆಂದೂ, ಬಂದ ಪ್ರತಿಯೊಬ್ಬನೂ ನಕಾಶೆಯಲ್ಲಿ ತನ್ನ ಊರು ಎಲ್ಲಿದೆಯೋ ಅಲ್ಲಿಯೇ ಕೂರತಕ್ಕದ್ದೆಂದೂ ಗದಗ-ಬೆಟಗೇರಿಯ ಸ್ವಾಗತ ಸಮಿತಿಯು ಸರ್ವಾನುಮತದಿಂದ ಠರಾಯಿಸಿತು. ರಾಜ್ಯ ಇನ್ನೂ ಹುಟ್ಟಿರಲಿಲ್ಲ. ಹುಟ್ಟುವ ಮೊದಲೇ ಅದರೊಳಗೆ ಕೂತು ನೋಡುವ ಭಾಗ್ಯ ಬೇರೆ ಯಾವ ಊರಿಗೆ ಬಂದೀತು ಎಂದು ಸಮಿತಿಯವರು ಚಹಾ ಕುಡಿದು ಎದ್ದರು.

ನಕಾಶೆಗಳು ಎರಡಿದ್ದವು. ಒಂದು ಹೊಸದು, ಸಂಸ್ಥಾನಗಳೆಲ್ಲ ವಿಲೀನವಾದ ಮೇಲಿನದು. ಇನ್ನೊಂದು ಶಾಲೆಯ ಗೋಡೆಯಿಂದ ಇಳಿಸಿ ತಂದ ಹಳೆಯದು. ಅದರಲ್ಲಿ ಶಿರಹಟ್ಟಿ ಸಾಂಗಲಿಯವರದು, ಲಕ್ಷ್ಮೇಶ್ವರ ಮಿರಜದವರದು, ಮುಂಡರಗಿ ದಾಟಿದರೆ ಒಂದು ಕಡೆ ನಿಜಾಮನ ಸೀಮೆ, ಒಂದು ಕಡೆ ಮದ್ರಾಸು. ಸಂಸ್ಥಾನಗಳು ಮುಳುಗಿ ಐದು ವರ್ಷವಾಗಿದ್ದರೂ ಮಂಟಪ ಸಮಿತಿಯ ಅಧ್ಯಕ್ಷರಾದ ಬಾಬಣ್ಣನವರು ಹಳೆಯ ನಕಾಶೆಯೇ ಆಗಲಿ ಎಂದರು. ನಾವು ಉಂಡ ನೋವು ಜನರ ಕಣ್ಣಿಗೆ ಕಾಣಬೇಕು ಎಂಬುದು ಅವರ ವಾದ. ಹಳೆಯ ನಕಾಶೆಯಲ್ಲಿ ಗಡಿ ಹೆಚ್ಚು. ಗಡಿಗೆ ಬೇಲಿ ಬೇಕು, ಬೇಲಿಗೆ ಬಿದಿರು ಬೇಕು, ಊರಲ್ಲಿದ್ದ ಒಂದೇ ಬಿದಿರಿನ ವಖಾರಿ ಬಾಬಣ್ಣನವರದು. ಇದನ್ನು ಯಾರೂ ಆಡಿ ತೋರಿಸಲಿಲ್ಲ. ದೊಡ್ಡವರು ದೇಶಸೇವೆಗೆ ನಿಂತರೆ ಇಂಥ ಅನುಕೂಲಗಳು ತಾವಾಗಿಯೇ ಒದಗಿ ಬರುತ್ತವೆ, ಅದಕ್ಕೆ ಅವರೇನು ಮಾಡಿಯಾರು?

ಹತ್ತಿ ಮಾರ್ಕೆಟ್ಟಿನ ಹಿಂದಿನ ಬಯಲಿನಲ್ಲಿ ಕೆಲಸ ಭರದಿಂದ ನಡೆಯಿತು. ಕುಡಿಯುವ ನೀರಿನ ಕೊಡಗಳನ್ನು ತುಂಗಭದ್ರೆಯ ದಂಡೆಗೆ, ಸಿಂಗಟಾಲೂರಿನ ಎದುರಿಗೆ ಇಟ್ಟರು. ಪಾಯಖಾನೆಗಳನ್ನು ಅರಬ್ಬೀ ಸಮುದ್ರದಲ್ಲಿ ಕಟ್ಟಿಸಿದರು. ಲಕ್ಷ್ಮೇಶ್ವರದ ಸುತ್ತ ಬೇಲಿ ಬಿಗಿದಾಗ ಬಾಗಿಲು ಬಿಡಲಿಲ್ಲ, ಏಕೆಂದರೆ ನಕಾಶೆಯಲ್ಲಿ ಬಾಗಿಲು ಬರೆದಿರಲಿಲ್ಲ. ವೇದಿಕೆಯನ್ನು ರಾಜಧಾನಿಯಲ್ಲಿ ಕಟ್ಟುವುದೆಂದಾಯಿತು. ರಾಜಧಾನಿ ಯಾವುದೆಂದು ಕೇಳಿದ್ದಕ್ಕೆ ಸಭೆಯಲ್ಲಿ ಎರಡು ಕುರ್ಚಿ ಮುರಿದವು. ಆದಕಾರಣ ನಾಲ್ಕು ಹತ್ತಿ ಬಂಡಿಗಳನ್ನು ಜೋಡಿಸಿ, ಮೇಲೆ ಹಲಗೆ ಹಾಸಿ, ವೇದಿಕೆಯನ್ನು ಗಾಲಿಯ ಮೇಲೆ ಮಾಡಲಾಯಿತು. ಅದು ತಾಸಿಗೊಂದು ಊರಿಗೆ ಹೋಗತಕ್ಕದ್ದು, ಯಾರಿಗೂ ಮನಸ್ತಾಪವಾಗಬಾರದು.

ಬೇಲಿಗೆ ಹೊದಿಸುವ ಬಟ್ಟೆಯನ್ನು ಬೆಟಗೇರಿಯ ನೇಕಾರರು ದೇಶಕ್ಕಾಗಿ ಪುಕ್ಕಟೆ ಕೊಟ್ಟರು. ಕೊಟ್ಟವರಿಗೆ ವೇದಿಕೆಯ ಮುಂದಿನ ಸಾಲಿನಲ್ಲಿ ಜಾಗ ಎಂದು ಡಂಗುರ ಹೊಡೆಸಿದ್ದರು. ಆ ಮಾತು ನಂಬಿ ಬಂದವನು ಅಂದಾನಪ್ಪ. ಜೊತೆಗೆ ಹೆಂಡತಿ ಉಡಚವ್ವ, ಅವಳ ಕಂಕುಳಲ್ಲಿ ರೊಟ್ಟಿಯ ಗಂಟು. ಮದುವೆಯಾದಾಗಿನಿಂದ ಅವಳು ನೂಲು ಸುತ್ತಿ ಕೊಡುವುದು, ಅವನು ನೇಯುವುದು. ಕೂಗಿ ಕರೆಯುವಷ್ಟು ದೂರ ಅವರಿಬ್ಬರೂ ಎಂದೂ ಹೋಗಿರಲಿಲ್ಲ.

ಬಾಗಿಲು ದಾಟಿ ಬೆಟಗೇರಿ ಎಂದು ಬರೆದ ಹಲಗೆಯ ಕೆಳಗೆ ಕೂತದ್ದೇ ತಡ, ಉಡಚವ್ವನಿಗೆ ನೀರಡಿಕೆಯಾಯಿತು.

"ಇಲ್ಲೇ ಕುಂಡ್ರು, ಅಳ್ಳಾಡಬ್ಯಾಡ. ಹಿಂಗ ಹೋಗಿ ಹಂಗ ಬರತೀನಿ" ಎಂದು ಅಂದಾನಪ್ಪ ತಂಬಿಗೆ ಹಿಡಿದು ಹೊರಟ.

ಕೊಡಗಳು ಹೊಳೆಯ ಆಚೆಯ ದಂಡೆಯಲ್ಲಿದ್ದವು, ಅಂದರೆ ಮದ್ರಾಸಿನಲ್ಲಿ. ಹೋಗಲಿಕ್ಕೆ ಒಂದು ಪರವಾನಗಿ, ತಂಬಿಗೆ ತುಂಬಿಸಿಕೊಂಡು ಬರಲಿಕ್ಕೆ ಇನ್ನೊಂದು. ತುಂಬಿದ ತಂಬಿಗೆಗೆ ಮುಂಡರಗಿಯ ಬಳಿ ತಪಾಸಣೆ. ಅವನು ತಿರುಗಿ ಬರುವ ಹೊತ್ತಿಗೆ ಬೆಟಗೇರಿಯಲ್ಲಿ ಯಾರೋ ಧೋತರದವರು ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಉಡಚವ್ವ ಇರಲಿಲ್ಲ. ಅಂದಾನಪ್ಪ ಗಡಿ ಕಾಯುವವರ ಕಡೆಗೆ ಓಡಿದ.

ಗಡಿಗಳ ಉಸ್ತುವಾರಿಗೆ ಕುತುಬುದ್ದೀನ ಎಂಬ ಶಿರಹಟ್ಟಿಯವನನ್ನು ನೇಮಿಸಿದ್ದರು. ಸಂಸ್ಥಾನದ ಕಾಲದಲ್ಲಿ ಗಡಿಯ ಸುಂಕದ ಕಟ್ಟೆಯಲ್ಲಿ, ನಾಕಾದಲ್ಲಿ, ಚಾಕರಿ ಮಾಡಿದವನು. ಸಂಸ್ಥಾನದ ಕೂಡ ನಾಕಾನೂ ಹೋಗಿ, ತಡೆಯಲಿಕ್ಕೆ ಯಾರೂ ಇಲ್ಲದೆ ಐದು ವರ್ಷ ಬಾಡಿ ಬತ್ತಿ ಹೋಗಿದ್ದ. ಈಗ ಮುಖದಲ್ಲಿ ಕಳೆ ಬಂದಿತ್ತು. ಅಂದಾನಪ್ಪನ ಅಹವಾಲನ್ನು ಅವನು ಬಹಳ ಸಮಾಧಾನದಿಂದ ಕೇಳಿದ.

"ಕಳಕೊಂಡದ್ದು ಯಾವ ಪ್ರಾಂತದಾಗ?" ಎಂದು ಕೇಳಿದ.

"ಬೆಟಗೇರಿಯಾಗ ಕುಂಡ್ರಿಸಿ ಹೋಗಿದ್ದೆ ಸಾಹೇಬ್ರ."

"ಅಲ್ಲೊಬ್ಬಾಕಿ ಗಡಿ ಗೆರಿ ಮ್ಯಾಲ ಕುಂತಿದ್ಲು. ಗೆರಿ ಮ್ಯಾಲ ಕುಂಡ್ರೂಹಂಗಿಲ್ಲ, ಮುಂದ ಹೋಗವ್ವ ಅಂತ ನಮ್ಮವರು ಎಬ್ಬಿಸ್ಯಾರ. ಎಲ್ಲಿಗೆ ಅಂತ ಅವರೂ ಹೇಳಿಲ್ಲ, ಆಕಿನೂ ಕೇಳಿಲ್ಲ. ಈಗ ಆಕಿ ಎಲ್ಲಿ ಕುಂತಾಳೋ ಆ ಊರಾಕಿ ಆಕಿ. ಕಾಯ್ದೆ ಹಂಗೈತಿ."

ಕಾಯ್ದೆ ಖರೆಯೇ ಹಾಗಿತ್ತು. ಬರುವವರನ್ನೆಲ್ಲ ಯಾವ ಊರು, ಯಾವ ಓಣಿ ಎಂದು ವಿಚಾರಿಸುತ್ತ ಕೂತರೆ ಪರಿಷತ್ತು ದೀಪಾವಳಿಗೂ ಮುಗಿಯುವಂತಿರಲಿಲ್ಲ. ಆದ್ದರಿಂದ ಯಾರು ಎಲ್ಲಿ ಕೂತಿದ್ದಾರೋ ಅವರು ಅಲ್ಲಿಯವರು ಎಂದು ಸಮಿತಿ ಒಂದೇ ಮಾತಿನಲ್ಲಿ ಮುಗಿಸಿತ್ತು. ನೀರಿನ ಕೊಡದ ಹತ್ತಿರ ಹೋಗಿ ನಿಲ್ಲಿರಿ, ಊರಿಗೆ ಬಂದಾಕಿ ನೀರಿಗೆ ಬರದ ಇರತಾಳೇನು ಎಂದು ಕುತುಬುದ್ದೀನ ಸಮಾಧಾನ ಹೇಳಿದ. ನೀರು ನನ್ನ ಕೈಯಾಗೇ ಐತಲ್ಲ ಎಂದು ಅಂದಾನಪ್ಪ ತಂಬಿಗೆ ತೋರಿಸಿದ. ಅದಕ್ಕೆ ಕಾಯ್ದೆಯಲ್ಲಿ ಏನೂ ಇರಲಿಲ್ಲ.

ಅಷ್ಟರಲ್ಲಿ ಲೌಡ್‌ಸ್ಪೀಕರು ಗಂಟಲು ಸರಿಮಾಡಿಕೊಂಡಿತು.

"ಪ್ರಕಟಣೆ. ಸಾಯಂಕಾಲ ಐದಕ್ಕೆ ಸರಿಯಾಗಿ ಆಯಾ ಪ್ರಾಂತದ ಪ್ರತಿನಿಧಿಗಳನ್ನು ಆಯಾ ಪ್ರಾಂತಕ್ಕೆ ಲಾರಿಯಲ್ಲಿ ಮುಟ್ಟಿಸಲಾಗುವುದು. ಕೂತವರು ಕೂತಲ್ಲಿಂದಲೇ ಲಾರಿ ಹತ್ತತಕ್ಕದ್ದು. ಬೇರೆ ಲಾರಿ ಹತ್ತಿದವರನ್ನು ಪರದೇಶಿಗಳೆಂದು ಭಾವಿಸಲಾಗುವುದು."

ಅಂದಾನಪ್ಪ ಸುತ್ತಲಿನ ಊರ ಹಲಗೆಗಳನ್ನು ನೋಡಿದ. ಬಿಜಾಪುರದಲ್ಲಿ ಕೂತಿದ್ದರೆ ಬಿಜಾಪುರಕ್ಕೆ, ಬೀದರಿನಲ್ಲಿ ಕೂತಿದ್ದರೆ ಬೀದರಿಗೆ! ಉಡಚವ್ವ ಅಕ್ಷರ ಬಲ್ಲವಳಲ್ಲ. ಸೊರಟೂರಿನ ತವರುಮನೆ ಬಿಟ್ಟರೆ ಬೇರೆ ಊರು ಕಂಡವಳಲ್ಲ. ಬೆಳಿಗ್ಗೆ ಅವಳು ತಲೆ ಬಾಚಿಕೊಳ್ಳಲಿಕ್ಕೆ ತಡ ಮಾಡಿದಾಗ, ನೀ ಬರದಿದ್ರ ರಾಜ್ಯ ಏನೂ ನಿಂದರೂದಿಲ್ಲ ಎಂದು ಅಂದುಬಿಟ್ಟಿದ್ದ. ರಾಜ್ಯದ ಮನೆ ಹಾಳಾಗಲಿ, ನನ್ನ ಹೆಂಡತಿ ಸಿಕ್ಕರೆ ಸಾಕು ಎಂದುಕೊಂಡು ತಂಬಿಗೆಯ ಬಾಯಿ ಮುಚ್ಚಿ ಹಿಡಿದು ನಡೆದ.

ಲಕ್ಷ್ಮೇಶ್ವರದ ಬೇಲಿಯ ಒಳಗಿನಿಂದ ನಗೆ ಕೇಳುತ್ತಿತ್ತು. ಸೂರ್ಯ ಹುಟ್ಟುವ ಮೊದಲೇ ಬಂದು ಕೂತ ಪ್ರತಿನಿಧಿಗಳ ಸುತ್ತ ಬೇಲಿ ಕಟ್ಟಿದ್ದರಿಂದ ಅವರು ಹೊರಗೆ ಬರುವಂತಿರಲಿಲ್ಲ, ಹೊರಗಿನವರು ಒಳಗೆ ಹೋಗುವಂತಿರಲಿಲ್ಲ. ಅವರ ಪೈಕಿ ಹಿರಿಯನಾದ ಗಾಳೆಪ್ಪ ಬೇಲಿಯ ಮೇಲಿನಿಂದ ತಲೆ ಹಾಕಿ, ಉಡಚವ್ವನನ್ನು ಕಂಡದ್ದು ನಿಜವೆಂದು ಸಾಕ್ಷಿ ಹೇಳಿದ. ಇವರ ಹಸಿವು ನೋಡಿ ಆಕೆ ಬೇಲಿ ಮೇಲಿಂದ ಒಂದೊಂದು ರೊಟ್ಟಿ ಕೊಟ್ಟಳಂತೆ. ಬೇವಿನ ಗಿಡದ ನೆರಳು ಕಾಣುತ್ತದೆ, ಅಲ್ಲಿ ಕೂಡುತ್ತೇನೆ ಎಂದು, ಮುಂದೆ ಹೋಗು ಎನ್ನುತ್ತ ಕಾವಲಿನವರೇ ಗಡಿ ದಾಟಿಸಿದ್ದರಿಂದ, ದಕ್ಷಿಣಕ್ಕೆ ಹೋದಳಂತೆ. ನಿಮಗೆ ಹೊರಗೆ ಬರಬೇಕು ಅನಿಸುವುದಿಲ್ಲವೇ ಎಂದು ಅಂದಾನಪ್ಪ ಕೇಳಿದ್ದಕ್ಕೆ, ಅರ್ಜಿ ಕೊಟ್ಟೇವಿ, ಬಾಗಲಾ ಬಂದ ಮ್ಯಾಲ ನೋಡೂಣು ಎಂದ ಗಾಳೆಪ್ಪ.

ಬೇವಿನ ಗಿಡ ಬಯಲಿನ ತೀರ ಕೊನೆಗೆ, ಮೈಸೂರನ್ನೂ ದಾಟಿ ಕಾಣುತ್ತಿತ್ತು. ನಡುವೆ ಬೇಲಿಗೆ ಹೊದಿಸಿದ ಬಟ್ಟೆ. ಅಂದಾನಪ್ಪ ಅದರ ಅಂಚು ಹಿಡಿದು ನೋಡಿದ. ಅವನೇ ನೇಯ್ದದ್ದು, ಅವಳೇ ಸುತ್ತಿಕೊಟ್ಟ ನೂಲು. ಎತ್ತಿ ನುಸುಳಲು ಬಗ್ಗಿದ್ದನೋ ಇಲ್ಲವೋ, ಕುತುಬುದ್ದೀನ ಹಿಂದಿನಿಂದ ಅಂಗಿಯ ಕೊರಳು ಹಿಡಿದ.

"ನನ್ನ ಬಟ್ಟಿ ನಾ ಎತ್ತಾಕ ಯಾರಪ್ಪನ ಅಪ್ಪಣಿ ಬೇಕೋ?" ಎಂದ ಅಂದಾನಪ್ಪ.

"ಬಟ್ಟಿ ನಿಮ್ಮದು ಕಾಕಾ, ಯಾರು ಇಲ್ಲಂತಾರ? ಗಡಿ ಸಮಿತಿದು."

ಗಡಿ ಎತ್ತಿದ ಆರೋಪದ ಮೇಲೆ ಅವನನ್ನು ಬಾಬಣ್ಣನವರ ಮುಂದೆ ನಿಲ್ಲಿಸಲಾಯಿತು. ಅವರು ಆಗ ವೇದಿಕೆಯ ಮೇಲೆ, ದಾವಣಗೆರೆಯ ಹತ್ತಿರ, ತಲೆಗೆ ಕೈ ಹಚ್ಚಿ ಕೂತಿದ್ದರು. ಠರಾವು ಸರ್ವಾನುಮತದಿಂದ ಪಾಸಾಗಬೇಕಿತ್ತು. ಎಲ್ಲ ಪ್ರಾಂತಗಳೂ ಕೈ ಎತ್ತಿದ್ದವು, ಕೊಡಗು ಒಂದೇ ಬಾಕಿ. ಕೊಡಗಿನ ಪ್ರತಿನಿಧಿಗಳು ಬೆಳಿಗ್ಗೆಯೇ ಗದಗಿಗೆ ಇಳಿದಿದ್ದರಾದರೂ ಮಂಟಪದ ಬಾಗಿಲು ಹುಡುಕುತ್ತ ಸುತ್ತುತ್ತಿದ್ದಾರೆಂದು ಆಗಾಗ ಖಬರು ಬರುತ್ತಿತ್ತು. ಅಷ್ಟರಲ್ಲಿ ಸ್ವಯಂಸೇವಕನೊಬ್ಬ ಓಡಿ ಬಂದು, ಕೊಡಗಿನಲ್ಲಿ ಒಬ್ಬ ಹೆಣ್ಣುಮಗಳು ಬೇವಿನ ಗಿಡದ ಕೆಳಗೆ ರೊಟ್ಟಿಯ ಗಂಟು ಇಟ್ಟುಕೊಂಡು ಕೂತಿದ್ದಾಳೆ ಎಂದ. ಬಾಬಣ್ಣನವರು ಎದ್ದು ನಿಂತು ಕೈಮುಗಿದರು. ವೇದಿಕೆ ಕೊಡಗಿಗೆ ನಡೆಯಲಿ ಎಂದು ಅಪ್ಪಣೆಯಾಯಿತು.

ಎತ್ತುಗಳನ್ನು ಮೇವಿಗೆ ಬಿಟ್ಟಿದ್ದರು. ತಳ್ಳಲಿಕ್ಕೆ ಜನ ಬೇಕಾಗಿ, ಆರೋಪಿಯೆಂದು ನಿಂತಿದ್ದ ಅಂದಾನಪ್ಪನನ್ನೇ ಹಚ್ಚಿದರು. ವೇದಿಕೆ ತಳ್ಳುವವರಿಗೆ ಗಡಿ ಇರಲಿಲ್ಲ. ಹೀಗೆ ಅಂದಾನಪ್ಪ ತಂಬಿಗೆಯನ್ನು ಹಲಗೆಯ ಕೆಳಗೆ ಸಿಕ್ಕಿಸಿ, ಹೆಗಲು ಕೊಟ್ಟು, ಮೇಲೆ ಕೂತ ಹತ್ತು ಮಂದಿ ದೇಶಭಕ್ತರನ್ನು ತಳ್ಳಿಕೊಂಡು ಶಿವಮೊಗ್ಗ, ಹಾಸನಗಳನ್ನು ಯಾವ ಪರವಾನಗಿಯೂ ಇಲ್ಲದೆ ದಾಟಿದ. ಗಾಲಿ ಸಿಕ್ಕಿಕೊಂಡಾಗಲೆಲ್ಲ ಮೇಲಿನವರು ಬೋಲೋ ಭಾರತ ಮಾತಾ ಕೀ ಎಂದು ಹುರುಪು ತುಂಬಿದರು.

ಉಡಚವ್ವ ಅಲ್ಲಿಯೇ ಇದ್ದಳು. ಅವಳ ಎದುರಿಗೆ ವೇದಿಕೆ ಬಂದು ನಿಂತಿತು, ಮೈಕು ಇಳಿದು ಬಂತು. ಏಕೀಕರಣಕ್ಕೆ ಕೊಡಗಿನ ಸಮ್ಮತಿ ಇದೆಯೇ ಎಂದು ಬಾಬಣ್ಣನವರು ಗಂಭೀರವಾಗಿ ಕೇಳಿದರು.

"ನಾ ಬೆಟಗೇರಿಯಾಕಿ ರೀ" ಎಂದಳು ಉಡಚವ್ವ. ಮೈಕು ಅದನ್ನು ಏಳೂ ಪ್ರಾಂತಗಳಿಗೆ ಮುಟ್ಟಿಸಿತು.

ಕುತುಬುದ್ದೀನ ಮುಂದೆ ಬಂದು ಕೂತಲ್ಲಿಯ ಕಾಯ್ದೆಯನ್ನು ಅವಳಿಗೆ ತಿಳಿಸಿ ಹೇಳಿದ. ಬಾಬಣ್ಣನವರು ಸಭೆಯ ಕಡೆಗೆ ತಿರುಗಿ, ಕೊಡಗಿನ ಬಂಧುಗಳು ಬೆಟಗೇರಿಯ ಮೇಲೆ ಇಟ್ಟ ಪ್ರೀತಿಗೆ ಧನ್ಯವಾದ ಹೇಳಿದರು. ಚಪ್ಪಾಳೆ ಬಿತ್ತು. ಮತ್ತೆ ಪ್ರಶ್ನೆ ಕೇಳಲಾಯಿತು.

"ನಮ್ಮ ಮನ್ಯಾರು ನೀರು ತರತೀನಂತ ಹೋದವರು ಬಂದಿಲ್ಲ. ಅವರು ಸಿಗೂತನಕ ನಾ ಯಾತಕ್ಕೂ ಹೂಂ ಅನ್ನೂದಿಲ್ಲ. ನೀವು ಏನರ ಒಂದು ಮಾಡಿಕೊಳ್ರಿ, ನನಗೇನು ಆಗಬೇಕಾಗೇತಿ?"

ವೇದಿಕೆಯ ಮೇಲೆ ಗುಜುಗುಜು ನಡೆಯಿತು. ಕೊಡಗು ಷರತ್ತು ಹಾಕಿತ್ತು. ಆಗ ಹಲಗೆಯ ಕೆಳಗಿನಿಂದ ಬೆವರಿಳಿಯುತ್ತಿದ್ದ ಅಂದಾನಪ್ಪ ತಂಬಿಗೆ ಹಿಡಿದು ಹೊರಗೆ ಬಂದ. ಗಂಡನನ್ನು ಕಂಡು ಉಡಚವ್ವ ಎದ್ದು ನಿಂತಳು. ಸೆರಗಿನಿಂದ ಕಣ್ಣು ಒರಸಿಕೊಂಡಳು. ಅಂದಾನಪ್ಪನಿಗೂ ಕಣ್ಣು ತುಂಬಿ ಬಂತು, ಎಲ್ಲರೆದುರಿಗೇ ಅತ್ತುಬಿಟ್ಟ. ಆದರೆ ನಡುವೆ ಬೇಲಿಯಿತ್ತು. ಇವನು ತಳ್ಳುವುದು ನಿಂತಿದ್ದರಿಂದ ಮತ್ತೆ ಮುಂಬಯಿ ಪ್ರಾಂತದವನಾಗಿದ್ದಾನೆಂದು ಕುತುಬುದ್ದೀನ ನೆನಪು ಮಾಡಿಕೊಟ್ಟ.

ಬಾಬಣ್ಣನವರು ಗಡಿಯಾರ ನೋಡಿಕೊಂಡರು. ಕೂಡಲೇ ಒಂದು ಪೂರಕ ಠರಾವು ಬಂತು: "ಮುಂಬಯಿ ಪ್ರಾಂತದ ವಶದಲ್ಲಿದ್ದ ಗಂಡ ಒಬ್ಬನನ್ನು, ತಂಬಿಗೆ ಸಹಿತ, ಕೊಡಗಿಗೆ ಕಾಯಮ್ಮಾಗಿ ಹಸ್ತಾಂತರಿಸಲಾಗಿದೆ." ಮದ್ರಾಸಿನವರು ತಂಬಿಗೆಯ ನೀರು ತಮ್ಮದೆಂದು ಸಣ್ಣ ತಕರಾರು ಎತ್ತಿ ಹಿಂತೆಗೆದುಕೊಂಡರು. ಅಂದಾನಪ್ಪ ಬಟ್ಟೆ ಎತ್ತಿ ಒಳಗೆ ಹೋದ. ಉಡಚವ್ವ ಒಂದೇ ಉಸಿರಿಗೆ ನೀರು ಕುಡಿದು, ಬಾಯಿ ಒರಸಿಕೊಂಡು, ಮೈಕಿನಲ್ಲಿ ಹೂಂ ಎಂದಳು. ಕರ್ನಾಟಕ ಸರ್ವಾನುಮತದಿಂದ ಒಂದಾಯಿತು.

ಐದಕ್ಕೆ ಲಾರಿ ಬಂತು. ಕೊಡಗಿನವರು ಇಬ್ಬರೂ ಹತ್ತಿದರು. ಲಾರಿ ಬೆಟಗೇರಿಯ ಓಣಿ ದಾಟುವಾಗ ಉಡಚವ್ವ ಹಲಗೆ ಬಡಿದು, ಇದ ನಮ್ಮ ಮನಿ, ನಿಂದರಸಪಾ ಎಂದಳು. ಡ್ರೈವರು ನಿಲ್ಲಿಸಲೊಲ್ಲ, ಕೊಡಗಿನವರನ್ನು ನಡುದಾರಿಯಲ್ಲಿ ಇಳಿಸಿದರೆ ತನ್ನ ಕೆಲಸ ಹೋಗುತ್ತದೆ ಎಂದ. ಮುಂದಿನ ಸೀಟಿನಲ್ಲಿದ್ದ ಬಾಬಣ್ಣನವರು ಸ್ವಲ್ಪ ಯೋಚಿಸಿ, ಮಡಿಕೇರಿಯ ತನಕದ ಬಾಡಿಗೆ ಸಮಿತಿಯ ಲೆಕ್ಕಕ್ಕೆ ಬರೆದುಕೊಂಡು, ಇದೇ ಕೊಡಗು ಎಂದು ತೀರ್ಪು ಕೊಟ್ಟರು. ಲಾರಿ ನಿಂತಿತು. ಅಂದಿನಿಂದ ಆ ಮನೆ ಸಮಿತಿಯ ದಫ್ತರದಲ್ಲಿ ಕೊಡಗಿನಲ್ಲಿದೆ.

ನಿಜವಾದ ಕೊಡಗಿನವರು ಮರುದಿನ ಮಧ್ಯಾಹ್ನ ಬಾಗಿಲು ಕಂಡುಹಿಡಿದರು. ತಮ್ಮ ಸಮ್ಮತಿ ಆಗಲೇ ಬಂದಿದೆಯೆಂದು ತಿಳಿದು ಸಂತೋಷಪಟ್ಟು, ಮಿರ್ಚಿ ಭಜಿ ತಿಂದು ರೈಲು ಹತ್ತಿದರು. ಬೇಲಿ ಕಿತ್ತ ಮೇಲೆಯೂ ಲಕ್ಷ್ಮೇಶ್ವರದವರು ಕೂತೇ ಇದ್ದರು. ಬಾಗಲಾ ಯಾವ ಕಡೆ ಎಂದು ಗಾಳೆಪ್ಪ ಕೇಳಿದ. ಎರಡು ಬಿದಿರು ನೆಟ್ಟು ಬಾಗಿಲು ಮಾಡಿ ಕೊಟ್ಟ ಮೇಲೆ ಹೊರಗೆ ಬಂದರು.

ಮೂರು ವರ್ಷದ ಮೇಲೆ ರಾಜ್ಯ ಖರೆಯೇ ಒಂದಾಯಿತು. ಅದೇ ಬಯಲಿನಲ್ಲಿ ವಿಜಯೋತ್ಸವದ ಮಂಟಪ. ಪ್ರಾಂತಗಳ ಗಡಿ ಅಳಿಸಿಹೋದದ್ದರಿಂದ ಬಾಬಣ್ಣನವರು ಬಹಳ ಚಿಂತೆ ಮಾಡಿ, ತಾಲೂಕಿಗೊಂದು ಬೇಲಿ ಹಾಕಿಸಿದ್ದರು. ಬೆಟಗೇರಿಯ ಓಣಿಗೆ ಸಮಿತಿಯ ಆಮಂತ್ರಣ ಬಂತು: ಕೊಡಗಿನ ಪ್ರತಿನಿಧಿ ಶ್ರೀಮತಿ ಉಡಚವ್ವನವರಿಗೆ, ವೇದಿಕೆಯ ಮುಂದಿನ ಸಾಲು. ಬೆಳಿಗ್ಗೆ ಅವಳು ತಲೆ ಬಾಚಿಕೊಳ್ಳಲಿಕ್ಕೆ ತಡ ಮಾಡಿದಳು. ಅಂದಾನಪ್ಪ ಚಕಾರ ಎತ್ತದೆ ಬಾಗಿಲಲ್ಲಿ ಕಾಯ್ದ.

ಮಂಟಪದ ಬಾಗಿಲಲ್ಲಿ ಕುತುಬುದ್ದೀನ ಇದ್ದ. ಗುರುತು ಸಿಕ್ಕರೂ ಕಾಯ್ದೆಯ ಪ್ರಕಾರ ಕೇಳಲೇಬೇಕಾಗಿತ್ತು.

"ಯಾವ ಊರು ಕಾಕಾ?"

"ಕೊಡಗು" ಎಂದ ಅಂದಾನಪ್ಪ. ಮನೆಯಿಂದಲೇ ತುಂಬಿಸಿ ತಂದ ತಂಬಿಗೆ ಅವನ ಕೈಯಲ್ಲಿತ್ತು.

"ಹಿಂಗ ನೆಟ್ಟಗ ಹೋಗಿ ಬೇವಿನ ಗಿಡದ ಕಡೆ ಹೊಳ್ರಿ" ಎಂದ ಕುತುಬುದ್ದೀನ, ಮತ್ತು ಹಿಂದೆ ನಿಂತವರನ್ನು ಯಾವ ಊರು ಎಂದು ಕೇಳಿದ.