ವಿಷ್ಣುಕ್ರಾಂತಿ ಸಾಕಿದ ಕಥೆ

ಬಿತ್ತದೆ ಬೆಳೆಯುವ ಗಿಡವನ್ನು ಸಾಕಲು ಹೊರಟವನ ಮನೆಯಲ್ಲಿ ನಗುವಿಗೆ ಬರವಿರುವುದಿಲ್ಲ. ನನ್ನದು ವಿಷ್ಣುಕ್ರಾಂತಿ. ಚಿಕ್ಕೇರೂರಿನ ನಮ್ಮ ಹೊಲದ ಬದುವಿನಲ್ಲಿ, ಹುಲ್ಲಿನ ನಡುವೆ ನೆಲಕ್ಕಂಟಿ ಹರಡುತ್ತದೆ. ಉಗುರಿನಷ್ಟು ನೀಲಿ ಹೂ ಬಿಡುತ್ತದೆ. ಶ್ರಾವಣ ಸೋಮವಾರ ಅವ್ವ ಅದನ್ನು ಸೆರಗಿನಲ್ಲಿ ತಂದು ದೇವರ ಜಗಲಿಯ ಲಿಂಗಕ್ಕೆ ಏರಿಸುತ್ತಿದ್ದಳು. ಅವ್ವ ತೀರಿಕೊಂಡ ಮೇಲೆ ಒಂದು ಬುಡವನ್ನು ಮಣ್ಣುಸಮೇತ ತಂದು ಹಿರೇಕೆರೂರಿನ ನನ್ನ ಮನೆಯ ಹಿತ್ತಲಲ್ಲಿ ನೆಟ್ಟೆ. ಅದೊಂದು ಬದುಕಿದರೆ ಸಾಕೆನ್ನುವುದೇ ನನ್ನ ಆಸೆ.

ಎಲೆ ಚಾಚಾ

ಸಂತೆಯ ದಿನ ನನ್ನ ಚಪ್ಪಲಿ ಅಂಗಡಿಯ ಮುಂದೆ ಸವಣೂರಿನ ವೀಳ್ಯದೆಲೆ ವ್ಯಾಪಾರಿ ಚಾಚಾ ಕೂರುತ್ತಾರೆ. ಅವರಿಗೆ ಸ್ವಂತ ಎಲೆತೋಟವಿದೆ. ಗಿಡ ಸೊರಗಿದೆ ಎಂದಾಗ, "ನೆಳ್ಳು ಮಾಡ್ರಿ ಸಾವಕಾರ್ರ, ನೆಲ ಆರಾಕ ಬಿಡಬ್ಯಾಡ್ರಿ" ಅಂದರು. ಹಳೇ ಸೀರೆ ಕಟ್ಟಿ ನೆರಳು ಮಾಡಿದೆ, ದಿನಾ ನೀರು ಹಾಕಿದೆ. ಬಳ್ಳಿ ಉದ್ದಕ್ಕೆ ಹೋಯಿತು, ಹೂ ಒಂದೂ ಇಲ್ಲ. ಚಾಚಾ ತಾವೇ ಮನೆಗೆ ಬಂದು, ಅಷ್ಟು ಪುಟ್ಟ ಎಲೆಯನ್ನು ಹರಿದು ಬೆಳಕಿಗೆ ಹಿಡಿದು ನೋಡಿದರು.

"ಎಲಿ ಏನ್ ನಾಜೂಕ ಬಂದೈತ್ರೀ!"

"ಚಾಚಾ, ಹೂ?"

"ಹೂ ತಗೊಂಡು ಏನ್ ಮಾಡ್ತೀರಿ? ಅದಕ್ಕ ಸುಣ್ಣ ಹಚ್ಚಾಕ ಬರ್ತೈತೇನು?"

ಮುಚ್ಚುವ ಹೊತ್ತು

ಸೀರೆ ಬಿಚ್ಚಿದೆ, ನೀರು ನಿಲ್ಲಿಸಿದೆ. ಬಿಸಿಲು ಬಿದ್ದದ್ದೇ ಹೂ ಬಂತು. ಖುಷಿ ತಡೆಯದೆ ಅಕ್ಕಿಆಲೂರಿನ ಅಕ್ಕನಿಗೆ ಫೋನ್ ಮಾಡಿದೆ. ಅವಳು ಬಸ್ಸು ಬದಲಿಸಿ ಬರುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಈ ಹೂವೋ, ಬಿಸಿಲು ನೆತ್ತಿಗೆ ಬಂದರೆ ಮುಚ್ಚಿಕೊಳ್ಳುತ್ತದೆ.

"ಎಲ್ಲಿ ಐತೋ ಹೂ?"

"ಈಗ ಮುಚ್ಚೈತಿ ಅಕ್ಕ. ನಾಳೆ ಮುಂಜಾನೆ ತೆರಿತೈತಿ."

ಅಕ್ಕ ಸೊಂಟದ ಮೇಲೆ ಕೈಯಿಟ್ಟಳು. "ಇದನ್ನ ಹಿತ್ತಲದಾಗ ಯಾಕ ಇಟ್ಟೀಯೋ? ಸರಕಾರಿ ನೌಕರಿಗೆ ಹಚ್ಚು. ಟೈಮ್ ಆಗಲೇ ರೂಢಿ ಆಗೇತಿ!"

ಆದರೂ ಉಳಿದುಕೊಂಡಳು. ಮರುದಿನ ಬೆಳಿಗ್ಗೆ ಹೂವಿನ ಮುಂದೆ ಕೂತು, ಅವ್ವನ ಮಾತು ತೆಗೆದು, ಇಬ್ಬರೂ ಅತ್ತೆವು. ಚಹಾ ಆರಿಹೋಯಿತು.

ಚಿಕ್ಕವ್ವನ ಕುರ್ಪಿ

ಹೋದ ಶ್ರಾವಣದಲ್ಲಿ ಅವ್ವನ ತಂಗಿ ಊರಿಂದ ಬಂದಳು. ಜೀವಮಾನವೆಲ್ಲ ಹೊಲದಲ್ಲಿ ಕಳೆ ತೆಗೆದ ಕೈ, ಸುಮ್ಮನೆ ಕೂರಲೊಲ್ಲದು. ಸೋಮವಾರ ಸ್ನಾನ ಮುಗಿಸಿ, ಹೂ ಬಿಡಿಸಲು ತಟ್ಟೆ ಹಿಡಿದು ಹಿತ್ತಲಿಗೆ ಹೋದರೆ, ನೆಲ ಕಣದಂತೆ ನುಣ್ಣಗಿದೆ! ಚಿಕ್ಕವ್ವ ಕುರ್ಪಿ ಹಿಡಿದು ಬೆವರು ಒರೆಸಿಕೊಳ್ಳುತ್ತಿದ್ದಾಳೆ.

"ಕಸ ಭಾಳ ಬೆಳೆದಿತ್ತಪ್ಪ. ಎಲ್ಲಾ ತಗದೇನಿ."

ಖಾಲಿ ತಟ್ಟೆ ಅವಳ ಮುಂದೆ ಹಿಡಿದೆ. "ಚಿಕ್ಕವ್ವ, ಅದು ಅವ್ವನ ಹೂ!"

"ಜಗಲಿ ಮ್ಯಾಲಿದ್ರ ಹೂ, ಹೊಲದಾಗಿದ್ರ ಕಸ. ನಿಮ್ಮವ್ವನೂ ಇದನ್ನ ಬೈಕೋಂತ ಕೀಳ್ತಿದ್ಲು."

ಅವತ್ತು ನನಗೆ ಊಟ ಸೇರಲಿಲ್ಲ. ಚಿಕ್ಕವ್ವ ಊರಿಗೆ ಹೋದಳು, ಮಳೆ ಹಿಡಿಯಿತು. ಮಳೆ ಬಿಟ್ಟ ಒಂದು ಮುಂಜಾನೆ ನೋಡಿದರೆ, ಮಣ್ಣಿನಲ್ಲಿ ಉಳಿದ ಬೇರು ಚಿಗುರಿ, ಮೊದಲಿಗಿಂತ ದಟ್ಟವಾಗಿ ಹೂ ಬಿಟ್ಟಿದೆ! ಅವ್ವನೇ ಬಂದಷ್ಟು ಸಂತೋಷವಾಯಿತು. ತಕ್ಷಣ ಫೋನ್ ಹಚ್ಚಿದೆ.

"ಚಿಕ್ಕವ್ವ, ಹೂ ಮತ್ತ ಬಂದಾವ!"

ಆ ಕಡೆ ಚಿಕ್ಕವ್ವ ದನಿ ತಗ್ಗಿಸಿದಳು.

"ಬೇರು ಉಳಿದಿರಬೇಕಪ್ಪ. ಯಾರ ಮುಂದೂ ಹೇಳಬ್ಯಾಡ, ನನ್ನ ಮಾನ ಹೋಗತೈತಿ. ನಾಳೆ ಮೊದಲನೇ ಬಸ್ಸಿಗೆ ಬಂದು ತಗದು ಹೋಗ್ತೇನಿ."