ಕೆಂಪು ಕುರ್ಚಿಯ ಪ್ರವೇಶ ಪರೀಕ್ಷೆ

ಗೌರವ ತೋರಿಸಲು ಹೋಗಿ ಮರ್ಯಾದೆ ಕಳೆದುಕೊಂಡವರು ಬೇಕಾದಷ್ಟು ಜನ ಇರಬಹುದು. ಕುರ್ಚಿ ಸಮೇತ ಕಳೆದುಕೊಂಡವನು ಮಾತ್ರ ನಾನೊಬ್ಬನೇ ಇರಬೇಕು. ಶಿಶುಪಾಲನಾ ಕೇಂದ್ರದ ಟೀಚರಮ್ಮ ಒಳಗೆ ಬಂದರೆಂದು ನಾನು ಥಟ್ಟನೆ ಎದ್ದೆ. ನಾನು ಕೂತಿದ್ದ ಕೆಂಪು ಪ್ಲಾಸ್ಟಿಕ್ ಕುರ್ಚಿಯೂ ಎದ್ದಿತು. ಅದು ಮೂರು ವರ್ಷದವರ ಅಳತೆಗೆ ಮಾಡಿದ ಆಸನ. ನನ್ನದು ಐವತ್ತರ ಹೊಸ್ತಿಲಲ್ಲಿರುವ ಹಿಂಭಾಗ. ಎಷ್ಟೋ ಕಾಲದ ಮೇಲೆ ಸಿಕ್ಕ ಬಂಧುವಿನಂತೆ ಕುರ್ಚಿ ತನ್ನೆರಡು ತೋಳುಗಳಿಂದ ನನ್ನನ್ನು ಬಿಗಿದಪ್ಪಿಕೊಂಡಿತ್ತು. ಆದರೂ ಸಭ್ಯತೆ ಬಿಡಬಾರದೆಂದು "ನಮಸ್ಕಾರ" ಎಂದು ಬಾಗಿದೆ. ಕುರ್ಚಿಯ ನಾಲ್ಕು ಕಾಲುಗಳೂ ನನ್ನ ಬೆನ್ನ ಹಿಂದೆ ಗಾಳಿಯಲ್ಲಿ ಎದ್ದು ನಿಂತವು.

ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ನನ್ನ ಮಗಳು ಚಿನಕುರುಳಿ (ಮನೆಯಲ್ಲಿ ನಾವು ಕರೆಯುವುದೇ ಹಾಗೆ, ಹತ್ತಿರ ಹೋದವರಿಗೆ ಯಾಕೆಂದು ತಿಳಿಯುತ್ತದೆ) ಮಾತ್ರ ತಟ್ಟಲಿಲ್ಲ. ಈ ಮನುಷ್ಯನನ್ನು ತಾನು ಜನ್ಮದಲ್ಲೇ ಕಂಡಿಲ್ಲವೆಂಬಂತೆ ಮರಳಿನ ತೊಟ್ಟಿಯ ಕಡೆಗೆ ತಿರುಗಿಕೊಂಡಳು. ಈ ಕಲೆ ಅವಳಿಗೆ ತಾಯಿಯ ಕಡೆಯಿಂದ ಬಂದದ್ದು.

ನಾನು ಆ ಕುರ್ಚಿಯವರೆಗೆ ತಲುಪಿದ ಕಥೆ ಹೀಗಿದೆ. ನನ್ನ ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದವಳು. ಮಗಳು ಹುಟ್ಟಿದಾಗ ಕೆಲಸ ಬಿಟ್ಟಳು. ಈಗ ಅದೇ ಜಾಗ ಖಾಲಿಯಾಗಿ, ಸೋಮವಾರದಿಂದ ಬರುವುದಾದರೆ ಬನ್ನಿ, ಇಲ್ಲವಾದರೆ ಬೇರೆಯವರು ಕಾದಿದ್ದಾರೆ ಎಂದು ಕರೆ ಬಂದಿತ್ತು. ಮಗುವಿಗೆ ಮೂರು ತುಂಬಿತ್ತು. ಮೂರು ತುಂಬಿದ ಮಕ್ಕಳ ಪಾಲನೆಯ ಖರ್ಚು ಸರ್ಕಾರದ್ದು. ಹೆಂಡತಿ ತನ್ನ ಬಿಳಿ ಕೋಟನ್ನು ಟ್ರಂಕಿನ ತಳದಿಂದ ತೆಗೆದು, ಇಸ್ತ್ರಿ ಮಾಡಿ, ಬಾಗಿಲ ಹಿಂದೆ ತೂಗುಹಾಕಿದಳು. ಹೋಗುತ್ತಾ ಬರುತ್ತಾ ಅದರ ತೋಳು ಸವರುತ್ತಿದ್ದಳು. (ನನ್ನ ತೋಳನ್ನು ಹಾಗೆ ಸವರಿದ್ದು ನೆನಪಿಲ್ಲ.)

ಅಷ್ಟರಲ್ಲಿ, ಅವಳು ಮಗಳ ಹೆಸರು ಬರೆಸಿ ಬಂದಿದ್ದ ಶಿಶುಪಾಲನಾ ಕೇಂದ್ರದಿಂದ ಫೋನ್ ಬಂತು. ದುರದೃಷ್ಟವಶಾತ್ ಎತ್ತಿದ್ದು ನಾನು. "ಶುಕ್ರವಾರ ಬೆಳಿಗ್ಗೆ ಸರ್ಕಾರದ ಮಾನದಂಡದ ಪ್ರಕಾರ ತಪಾಸಣೆ ಇದೆ. ಮನೆಯವರೊಬ್ಬರು ಮಗು ಜೊತೆ ಬಂದು ಕೂತ್ಕೊಂಡ್ರೆ ಒಳ್ಳೇದು" ಅಂದರು. ನಾನು ವೃತ್ತಿಯಲ್ಲಿ ಪ್ರವೇಶ ಪರೀಕ್ಷೆಗಳಿಗೆ ತರಬೇತಿ ಕೊಡುವ ಮೇಷ್ಟ್ರು. ಮಾನದಂಡ, ತಪಾಸಣೆ ಎಂಬ ಎರಡು ಪದ ಒಟ್ಟಿಗೆ ಕಿವಿಗೆ ಬಿದ್ದರೆ ನನ್ನ ಕೈ ತಾನಾಗಿಯೇ ಸೀಮೆಸುಣ್ಣ ಹುಡುಕುತ್ತದೆ.

"ಪ್ರವೇಶ ಪರೀಕ್ಷೆ ಕಣೇ!" ಎಂದು ಅಡುಗೆಮನೆಗೆ ನುಗ್ಗಿದೆ.

"ಯಾರಿಗೆ?"

"ಇವಳಿಗೆ!"

"ಮೂರು ವರ್ಷ ತುಂಬಿದ್ರೆ ಸೀಟು ಅಂತ ಅವರೇ ಹೇಳಿದಾರಲ್ರೀ. ಪರೀಕ್ಷೆ ಎಲ್ಲಿಂದ ಬಂತು?"

"ಸರ್ಕಾರ ಪುಕ್ಕಟೆ ಕೊಡೋ ಸೀಟಿಗೆ ಪರೀಕ್ಷೆ ಇಲ್ದೆ ಇರುತ್ತಾ? ನೀನು ರಕ್ತ ನೋಡೋಳು. ನಿಂಗೆ ಸ್ಪರ್ಧಾತ್ಮಕ ಜಗತ್ತು ಏನು ಗೊತ್ತು?"

"ನಿಮ್ಮ ಜೊತೆ ಇದ್ದೂ ಇದ್ದೂ ರಕ್ತದೊತ್ತಡ ಚೆನ್ನಾಗಿ ಗೊತ್ತಾಗಿದೆ" ಅಂದವಳು ಮಗಳ ಕಡೆ ತಿರುಗಿ, "ನೀನು ಹೆದರ್ಬೇಡ ಚಿನ್ನ. ಅಲ್ಲಿಗೆ ಹೋಗೋಕೆ ಮೂರು ವರ್ಷ ಆಗಿರ್ಬೇಕು, ಅಷ್ಟೇ. ನಿಂಗೆ ಆಯ್ತಲ್ಲ!" ಎಂದಳು. ಮಗಳು ಈ ಶಾಸನವನ್ನು ಗಂಭೀರವಾಗಿ ಕೇಳಿಕೊಂಡಳು.

ನಾನು ಬಿಡಲಿಲ್ಲ. ರಟ್ಟು ಕತ್ತರಿಸಿ ಆಕಾರಗಳ ಪಾಠ ಶುರುಮಾಡಿದೆ. ವೃತ್ತ ತೋರಿಸಿ "ಇದೇನು?" ಅಂದೆ.

"ಬಿಸ್ಕತ್ತು."

ಚೌಕ ತೋರಿಸಿದೆ.

"ಇನ್ನೊಂದು ಬಿಸ್ಕತ್ತು."

ಅರ್ಧಚಂದ್ರ ತೋರಿಸಿದೆ. ಅವಳು ನನ್ನ ಮುಖವನ್ನೇ ದಿಟ್ಟಿಸಿ, "ಯಾರು ತಿಂದ್ರು?" ಎಂದು ವಿಚಾರಣೆಗೆ ತೊಡಗಿದಳು.

ಇಷ್ಟು ಸಿದ್ಧತೆಯೊಂದಿಗೆ ನಾವು ಶುಕ್ರವಾರದ ರಣರಂಗ ಪ್ರವೇಶಿಸಿದ್ದು. ಟೀಚರಮ್ಮ ಕುರ್ಚಿಯ ಕಾಲು ಹಿಡಿದು, ಆಯಾ ನನ್ನ ಕೈ ಹಿಡಿದು, ಇಬ್ಬರೂ ಎಳೆದು ನಮ್ಮನ್ನು ಬೇರ್ಪಡಿಸಿದ ಮೇಲೆ ಸುತ್ತ ನೋಡಿದೆ. ಮೂಲೆಯಲ್ಲಿ ಕನ್ನಡಕದ ಹೆಂಗಸೊಬ್ಬರು ಕೂತು ಏನೋ ಬರೆದುಕೊಳ್ಳುತ್ತಿದ್ದರು. ಪರೀಕ್ಷಕರು! ಕಂಡ ಕೂಡಲೇ ಗುರುತು ಹಿಡಿದೆ.

ಆದರೆ ಆ ಮಹಾತಾಯಿ ಬಾಯಿ ಬಿಡಲೊಲ್ಲರು. ವೃತ್ತವಿಲ್ಲ, ಚೌಕವಿಲ್ಲ. ನನ್ನ ಅಭ್ಯರ್ಥಿ ಬಕೆಟ್ಟಿನಿಂದ ಲೋಟಕ್ಕೆ, ಲೋಟದಿಂದ ಬಕೆಟ್ಟಿಗೆ ನೀರು ಸುರಿಯುತ್ತಾ ಅಮೂಲ್ಯ ಸಮಯ ಹಾಳುಮಾಡುತ್ತಿದ್ದಳು. ಬಾಗಿಲ ಹಿಂದೆ ತೂಗುತ್ತಿದ್ದ ಬಿಳಿ ಕೋಟು ಕಣ್ಣ ಮುಂದೆ ಬಂತು. ಅದು ಮತ್ತೆ ಟ್ರಂಕಿಗೆ ಇಳಿಯುವುದೂ ಕಂಡಿತು. ತಡೆಯಲಾಗಲಿಲ್ಲ. "ಚಿನಕುರುಳಿ, ಆಂಟಿಗೆ ಗೋಪುರ ಕಟ್ಟಿ ತೋರ್ಸು ಬಾ!" ಎಂದು ನೆಲಕ್ಕೆ ಕೂತು ನಾನೇ ಮರದ ತುಂಡುಗಳನ್ನು ಜೋಡಿಸತೊಡಗಿದೆ. ಶಿಖರಕ್ಕೊಂದು ತ್ರಿಕೋನ ಬೇಕಾಗಿತ್ತು. ಅದು ಪಕ್ಕದಲ್ಲಿದ್ದ ಎರಡು ಜಡೆಯ ಪೋರಿಯ ಕೈಯಲ್ಲಿತ್ತು. ನಯವಾಗಿ ಕೇಳಿದೆ, ಕೊಡಲಿಲ್ಲ. ನಯವಾಗಿ ಎಳೆದೆ, ಅವಳೂ ಎಳೆದಳು. ಆಮೇಲೆ ನಯ ಕಡಿಮೆಯಾಯಿತು. ಗೋಪುರ ಕುಸಿಯಿತು, ಪೋರಿ ಕಿರುಚಿದಳು, ಮೂಲೆಯಲ್ಲಿ ಪೆನ್ನು ಸರಸರನೆ ಓಡಿತು.

ಚಿನಕುರುಳಿ ಒದ್ದೆ ಕೈಯಲ್ಲೇ ನಡೆದು ಬಂದು ನನ್ನ ಬೆರಳು ಹಿಡಿದಳು. "ಅಪ್ಪಾ, ಅವಳದ್ದು ಆದ್ಮೇಲೆ ನಿಂದು" ಅಂದಳು.

"ನಿಮಗೆ ಬೇಜಾರಾಗಿದೆ ಅಲ್ವಾ?" ಎಂದು ಟೀಚರಮ್ಮ ನನ್ನೆದುರು ಮಂಡಿಯೂರಿ ಕೂತು, ಮೆತ್ತಗಿನ ದನಿಯಲ್ಲಿ ಕೇಳಿದರು. "ಸ್ವಲ್ಪ ಹೊತ್ತು ಆ ಹಳದಿ ಚಾಪೆ ಮೇಲೆ ಕೂತಿರೋಣ. ಸಮಾಧಾನ ಆದ್ಮೇಲೆ ಮತ್ತೆ ಆಡೋಣ."

ಹೋಗಿ ಕೂತೆ. ಯಾರೋ ಒಂದು ಬಟ್ಟೆಯ ಆನೆಯನ್ನು ಮಡಿಲಲ್ಲಿಟ್ಟು ಹೋದರು. ನಾಚಿಕೆಯಿಲ್ಲದೆ ಹೇಳುತ್ತೇನೆ, ಸ್ವಲ್ಪ ಹಿತವಾಯಿತು.

ಕನ್ನಡಕದವರು ಚೀಲ ಎತ್ತಿಕೊಂಡು ಹೊರಟಾಗ ಆನೆ ಸಮೇತ ಅಡ್ಡಹಾಕಿದೆ. "ಮೇಡಂ, ತಪ್ಪೆಲ್ಲಾ ನನ್ನದು. ಇವಳಿಗೆ ಇನ್ನೊಂದು ಅವಕಾಶ ಕೊಡಿ. ಸೀಟು ಸಿಗದಿದ್ರೆ ಇವಳಮ್ಮನ ಕೆಲಸ ಹೋಗುತ್ತೆ!"

"ಹೋದ ವಾರಾನೇ ಸೀಟು ಖಾತ್ರಿ ಆಯ್ತಲ್ಲ ಸಾರ್" ಅಂದರು ಟೀಚರಮ್ಮ.

"ಮತ್ತೆ ಈ ಪರೀಕ್ಷೆ?"

"ಅದು ನನಗೆ! ಸರ್ಕಾರ ದುಡ್ಡು ಕೊಡುತ್ತಲ್ಲ, ನಾವು ಮಕ್ಕಳನ್ನ ಸರಿಯಾಗಿ ನೋಡ್ಕೋತೀವಾ ಅಂತ ಇವರು ಬಂದು ನೋಡ್ತಾರೆ. ಮಾನದಂಡ ಇರೋದು ನಮಗೆ, ಮಕ್ಕಳಿಗಲ್ಲ. ನಿಮ್ಮ ಕಣ್ಣಿಗೂ ಬೀಳ್ಲಿ ಅಂತ ಕರೆದಿದ್ದು."

ಕನ್ನಡಕದವರು ಮೊದಲ ಸಲ ನಕ್ಕರು. "ಹೊಂದಿಕೊಳ್ಳದೆ ರಂಪ ಮಾಡೋ ಮಗು ಬಂದ್ರೆ ಇವರು ಹೇಗೆ ಸಂಭಾಳಿಸ್ತಾರೆ ಅಂತ ನೋಡ್ಬೇಕಾಗಿತ್ತು. ಇವತ್ತು ಮಕ್ಕಳೆಲ್ಲ ಶಾಂತವಾಗಿದ್ರು. ನೀವು ಬಂದಿದ್ದು ಅನುಕೂಲ ಆಯ್ತು. ಪೂರ್ತಿ ಅಂಕ ಕೊಟ್ಟಿದೀನಿ."

ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಮನೆಯವರೆಗೆ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡೇ ಬಂದೆ. ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. ನಡೆದದ್ದನ್ನು ಆದಷ್ಟು ಸಂಕ್ಷಿಪ್ತವಾಗಿ ಹೇಳಿದೆ. (ಚಾಪೆ, ಆನೆ ಬಿಟ್ಟೆ. ಅವನ್ನು ಮಗಳು ಸೇರಿಸಿದಳು.) ಅವಳು ಬಿಳಿ ಕೋಟಿನ ತೋಳಿನಿಂದಲೇ ಕಣ್ಣೊರೆಸಿಕೊಂಡು ನಕ್ಕಳು. ಆಮೇಲೆ, ನನ್ನ ಅದೃಷ್ಟ, ನನ್ನ ತೋಳನ್ನೂ ಒಮ್ಮೆ ಸವರಿದಳು.

"ಸೋಮವಾರ ಅಪ್ಪನ್ನೂ ಕರ್ಕೊಂಡು ಹೋಗ್ತೀಯೇನೇ?" ಎಂದು ಮಗಳನ್ನು ಕೇಳಿದಳು.

ಚಿನಕುರುಳಿ ಬಿಸ್ಕತ್ತನ್ನು ಅರ್ಧಚಂದ್ರ ಮಾಡಿಕೊಂಡು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬೇಡ. ಅಪ್ಪಂಗೆ ಇನ್ನೂ ಮೂರು ವರ್ಷ ಆಗಿಲ್ಲ."